ಮುಹರ್ರಕ್ಕಿನಲ್ಲಿ ಒಂದು ಲಿಸ್ಬನ್

ಬಹರೈನಿನಲ್ಲಿ ನಡೆದುಕೊಂಡು ಹೋಗುವವರನ್ನು ಕಂಡರೆ ಜನರ ಕರುಳು ಚುರುಕ್ಕೆನ್ನುತ್ತದೆ. ಕಾರು ನಿಲ್ಲಿಸುತ್ತಾರೆ, ಗಾಜು ಇಳಿಸುತ್ತಾರೆ, "ಗಾಡಿ ಕೆಟ್ಟಿತಾ?" ಎಂದು ಕೇಳುತ್ತಾರೆ. ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೆ ನಂಬುವುದಿಲ್ಲ. ಬೇಸಗೆಯಲ್ಲಾದರೆ ಈ ಕರುಣೆಗೆ ಅರ್ಥವಿದೆ. ಆಗ ಮನೆಯಿಂದ ಕಾರಿನವರೆಗೆ ನಡೆಯುವಷ್ಟರಲ್ಲಿ ಮನುಷ್ಯ ಹಪ್ಪಳವಾಗುತ್ತಾನೆ. ಆದರೆ ಜನವರಿಯಲ್ಲಿ, ಸಮುದ್ರದ ಗಾಳಿ ತಣ್ಣಗೆ ಬೀಸುತ್ತಿರುವಾಗಲೂ ನಮಗೆ ಕಾಲಿರುವುದು ಬ್ರೇಕು ಒತ್ತುವುದಕ್ಕೇ ಎಂಬ ನಂಬಿಕೆ. ನಾನೂ ಈ ಪೈಕಿಯವಳೇ. ಒಮ್ಮೆ ಸನದ್ ಬಡಾವಣೆಯ ನಮ್ಮ ಬೀದಿಯಲ್ಲಿ ಪರಿಚಯದ ಹಿರಿಯರೊಬ್ಬರು ಕೈಬೀಸಿ ನಡೆಯುತ್ತಿದ್ದುದನ್ನು ಕಂಡು, ಬೇಡ ಬೇಡವೆಂದರೂ ಬಿಡದೆ ಕಾರಿಗೆ ಹತ್ತಿಸಿ ಅವರ ಮನೆ ಬಾಗಿಲಿಗೆ ಬಿಟ್ಟೆ. ಅವರು ಬಹಳ ಸಂಕೋಚದಿಂದ ಥ್ಯಾಂಕ್ಸ್ ಹೇಳಿದರು. ಡಾಕ್ಟರು ದಿನಾ ನಡೆಯಲು ಹೇಳಿದ್ದಾರೆಂದೂ, ಅವರು ಆಗಷ್ಟೇ ಮನೆಯಿಂದ ಹೊರಟಿದ್ದರೆಂದೂ ಆಮೇಲೆ ಅವರ ಹೆಂಡತಿಯಿಂದ ತಿಳಿಯಿತು.

ಇಂಥ ನನಗೆ ನಡೆಯುವ ಹುಚ್ಚು ಹತ್ತಿದ್ದು ಮೊಬೈಲಿನಿಂದ. ನಾನು ಮನಾಮದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು. ಡಾಕ್ಟರ ಕೋಣೆಯಲ್ಲಿ ಡ್ರಿಲ್ಲು ಕೊರೆಯುವ ಸದ್ದಾಗುತ್ತಿದ್ದರೆ ಹೊರಗೆ ಕೂತ ರೋಗಿಗಳ ಮುಖ ಬಿಳಿಚಿಕೊಳ್ಳುತ್ತದೆ. ಅವರ ಮುಖ ನೋಡಲಾರದೆ ನಾನು ಮೊಬೈಲು ನೋಡುತ್ತೇನೆ. ಅದರಲ್ಲಿ ಒಬ್ಬಳು ಹೆಂಗಸು ಬೆನ್ನಿಗೆ ಚೀಲ ಹಾಕಿಕೊಂಡು ಯುರೋಪಿನ ಹಳೆಯ ಊರುಗಳಲ್ಲಿ ಒಬ್ಬಳೇ ನಡೆಯುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಕಲ್ಲುಹಾಸಿನ ಮೇಲೆ ಅವಳ ಹೆಜ್ಜೆಯ ಸದ್ದು ಮಾತ್ರ. ಓಣಿಯೊಂದರಲ್ಲಿ ನಿಲ್ಲುತ್ತಾಳೆ, ಹಳೆಯ ಗೋಡೆಯೊಂದಕ್ಕೆ ಅಂಗೈ ಇಡುತ್ತಾಳೆ, ಕಣ್ಣು ಮುಚ್ಚುತ್ತಾಳೆ. ಅವಳ ಹಿಂದಿನಿಂದ ಯಾರೂ "ವಸಂತಿ, ಚಾರ್ಜರ್ ಎಲ್ಲಿ?" ಎಂದು ಕೂಗುವುದಿಲ್ಲ. ಗೋಡೆ ಮುಟ್ಟಿ ಕಣ್ಣು ಮುಚ್ಚುವ ಆ ಭಾಗ್ಯ ನನಗೂ ಒಮ್ಮೆ ಬೇಕೆನಿಸಿತು.

ನನ್ನ ಗಂಡ ಸುಧಾಕರ ಅಸ್ಕರ್ ಕಡೆಯ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರನ್ನು ಒಪ್ಪಿಸಿದೆ. ಪೋರ್ಚುಗಲ್ಲಿನ ಲಿಸ್ಬನ್ ಎಂದು ತೀರ್ಮಾನವಾಯಿತು. ಕ್ಲಿನಿಕ್ಕಿನಲ್ಲಿ ರಜೆ ಹಾಕಿದೆ, ನನ್ನ ಬದಲು ಕೂರಲು ಒಬ್ಬಳನ್ನು ಹುಡುಕಿಕೊಟ್ಟೆ, ಹೊಸ ಶೂ ಕೊಂಡು ಮನೆಯೊಳಗೇ ನಡೆದು ಹದ ಮಾಡಿದೆ. ಟಿಕೆಟ್ ತೆಗೆಯುವ ಹೊತ್ತಿಗೆ ಇವರು ಊಟದ ತಟ್ಟೆಯನ್ನೇ ನೋಡುತ್ತ, "ಆಗುದಿಲ್ಲ ವಸಂತಿ. ಪ್ಲಾಂಟಿನಲ್ಲಿ ರಜೆ ಕೊಡುದಿಲ್ಲ ಅಂತ" ಎಂದರು. ನಾನು ಸಾರಿನ ಪಾತ್ರೆ ಎತ್ತಿ ಒಳಗಿಟ್ಟೆ. ಸಮಾಧಾನಕ್ಕೆಂದು, "ಪೋರ್ಚುಗೀಸರನ್ನು ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಮಾರಾಯ್ತಿ? ಅವರೇ ಇಲ್ಲಿಗೆ ಬಂದು ಕೋಟೆ ಕಟ್ಟಿ ಹೋಗಿದ್ದಾರಲ್ಲ. ಶುಕ್ರವಾರ ಅದನ್ನೇ ನೋಡಿ ಬರುವ" ಎಂದರು. ಆ ಕೋಟೆಗೆ ಊರಿನಿಂದ ಬಂದ ನೆಂಟರನ್ನೆಲ್ಲ ಕರೆದೊಯ್ದು ತೋರಿಸಿ, ಅಲ್ಲಿನ ಕಲ್ಲುಗಳಿಗೆ ನನ್ನ ಗುರುತು ಸಿಗುವಷ್ಟಾಗಿದೆ. ಅದರ ನಂತರ ನಮ್ಮ ಮನೆಯಲ್ಲಿ ಕೆಲವು ದಿನ "ಉಪ್ಪು ಬೇಕಾ", "ಬೇಡ" ಎಂಬಷ್ಟೇ ಸಂಭಾಷಣೆ.

ನನ್ನ ರಜೆ ಮಂಜೂರಾಗಿತ್ತು, ಶೂ ಹದವಾಗಿತ್ತು. ಕೊನೆಗೊಂದು ಮಂಗಳವಾರ, ಇವರು ಬೆಳಗಿನ ಶಿಫ್ಟಿಗೆ ಹೊರಟುಹೋದ ಮೇಲೆ, ನಾನು ಒಬ್ಬಳೇ ಮುಹರ್ರಕ್ಕಿನ ಹಳೆಯ ಪೇಟೆಗೆ ಹೊರಟೆ. ಅದೂ ಹಳೆಯ ಊರೇ. ಮುತ್ತಿನ ವ್ಯಾಪಾರಿಗಳು ಹವಳದ ಕಲ್ಲಿನಲ್ಲಿ ಕಟ್ಟಿಸಿದ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿಗಳು. ಇಷ್ಟು ವರ್ಷ ಇಲ್ಲಿದ್ದೂ ನಾನು ಅದನ್ನು ನೋಡಿದ್ದು ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರಿನ ಗಾಜಿನಿಂದ. ಅದನ್ನೇ ಲಿಸ್ಬನ್ ಎಂದುಕೊಂಡು ದಿನವಿಡೀ ಅಲೆಯುವುದೆಂದು ನಿಶ್ಚಯಿಸಿದೆ. ಮ್ಯಾಪು ನೋಡಬಾರದು, ಫೋನು ಸೈಲೆಂಟಾಗಿರಬೇಕು, ದಾರಿ ತಪ್ಪಬೇಕು. ಹಳೆಯ ಊರನ್ನು ನೋಡುವ ಕ್ರಮವೇ ಅದು ಎಂದು ಆ ಹೆಂಗಸು ತನ್ನ ವಿಡಿಯೋದ ಕೆಳಗೆ ಬರೆದಿದ್ದಳು. ಇವರಿಗೆ ಹೇಳಲಿಲ್ಲ. ಉಪ್ಪು ಬೇಕಾ, ಬೇಡ ಎಂಬುದರ ನಡುವೆ ಹೇಳುವುದಕ್ಕೆ ಜಾಗವೂ ಇರಲಿಲ್ಲ.

ಬೆನ್ನಿಗೆ, ಈಗ ಊರಿನಲ್ಲಿ ಕಾಲೇಜು ಓದುತ್ತಿರುವ ಮಗಳ ಹಳೆಯ ಶಾಲೆಯ ಬ್ಯಾಗು ಹಾಕಿಕೊಂಡೆ. ವಿಡಿಯೋದವಳ ಚೀಲ ಸಪಾಟಾಗಿ, ಒಂದು ಪುಸ್ತಕ ಮಾತ್ರ ಇದ್ದಂತೆ ಕಾಣುತ್ತದೆ. ನಾನು ಕರಾವಳಿಯವಳು, ಹಾಗೆ ಹೊರಡುವುದು ನಮ್ಮ ರಕ್ತದಲ್ಲಿಲ್ಲ. ನೀರಿನ ಬಾಟಲಿ, ಚಪಾತಿ, ಪ್ರತ್ಯೇಕ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ, ಶಾಲು, ಕೊಡೆ, ಒಂದು ಜೊತೆ ಚಪ್ಪಲಿ, ಮುಖ ಒರೆಸುವ ಬೈರಾಸು ಎಲ್ಲ ಸೇರಿ ಬ್ಯಾಗು ಎಂಟನೇ ತಿಂಗಳ ಬಸುರಿಯಂತಾಯಿತು. ಖಾಲಿ ಜಾಗವೊಂದರಲ್ಲಿ ಕಾರು ನಿಲ್ಲಿಸಿ, ಹಿಂದೆ ತಿರುಗಿಯೂ ನೋಡದೆ ಮೊದಲು ಕಂಡ ಓಣಿಗೆ ನುಗ್ಗಿದೆ.

ಚೆಂದವಿತ್ತು. ಮರದ ಬಾಗಿಲುಗಳಲ್ಲಿ ಹೂಬಳ್ಳಿಯ ಕೆತ್ತನೆ, ಮೂಲೆಮೂಲೆಗೂ ಬಿಸಿಲು ಕಾಯಿಸುತ್ತ ಕೂತ ಬೆಕ್ಕುಗಳು, ಎಲ್ಲಿಂದಲೋ ಹಲ್ವ ಕಾಯಿಸುವ ಕೇಸರಿ ಏಲಕ್ಕಿಯ ವಾಸನೆ, ತಲೆ ಮೇಲೆಯೇ ಹಾದುಹೋಗುವ ವಿಮಾನ. ಒಂದು ಹಳೆಯ ಗೋಡೆ ನೋಡಿ ಅಂಗೈ ಇಟ್ಟು ಕಣ್ಣು ಮುಚ್ಚಿದೆ. ಈಗ ಏನೋ ದೊಡ್ಡ ಯೋಚನೆ ಬರುತ್ತದೆಂದು ಕಾದೆ. ಗ್ಯಾಸ್ ಆಫ್ ಮಾಡಿದೆನೇ ಎಂಬ ಯೋಚನೆ ಬಂತು. ಮಾಡಿದ್ದೇನೆಂದು ಮನಸ್ಸಿಗೆ ಖಾತ್ರಿ ಮಾಡಿಸಿ ಮತ್ತೆ ಕಣ್ಣು ಮುಚ್ಚಿದೆ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿಟ್ಟೆನೇ? ಇಷ್ಟರಲ್ಲಿ ಗೋಡೆಯ ಕಿಟಕಿ ತೆರೆದು ಒಬ್ಬ ಅಜ್ಜಿ ನನ್ನನ್ನು ಅರಬ್ಬಿಯಲ್ಲಿ ಏನೋ ಕೇಳಿದಳು. ಅದು ಜನ ಇದ್ದ ಮನೆ. ನನಗೆ ಬರುವ ಅರಬ್ಬಿ ಎಲ್ಲ ಹಲ್ಲಿಗೆ ಸಂಬಂಧಪಟ್ಟದ್ದು. ಸಲಾಂ ಹೇಳಿ, ಎದೆಗೆ ಕೈಯಿಟ್ಟು ಹಿಂದೆ ಹಿಂದೆ ಸರಿದೆ. ಅಜ್ಜಿ ಒಳಗೆ ಹೋಗಿ, ನಾನು ಏನಾದರೂ ಬೇಡಲು ಬಂದವಳೆಂದು ತಿಳಿದಳೋ ಏನೋ, ಮುಷ್ಟಿ ತುಂಬ ಖರ್ಜೂರ ತಂದು ಕೊಟ್ಟಳು. ವಿಡಿಯೋದವಳಿಗೆ ಇಂಥದ್ದೇನೂ ಆಗುವುದಿಲ್ಲ.

ರಸ್ತೆಗೆ ಬಂದಾಗ ಟ್ಯಾಕ್ಸಿಯೊಂದು ನಿಂತಿತು. ಚಾಲಕ ಪಾಕಿಸ್ತಾನದವನು, ಬಿಳಿಗಡ್ಡದವನು. "ಬಾಜಿ, ಕಿಧರ್ ಜಾನಾ ಹೈ?" ಎಂದ, ಅಕ್ಕ ಎಲ್ಲಿಗೆ ಎಂದು. "ಕಹೀಂ ನಹೀಂ" ಎಂದೆ, ಎಲ್ಲಿಗೂ ಇಲ್ಲ ಎಂದು. ನಿಜವನ್ನೇ ಹೇಳಿದ್ದು. ಆದರೆ ಐವತ್ತರ ಹೆಂಗಸೊಬ್ಬಳು ಬೆನ್ನಿನ ಮೇಲೆ ಅಷ್ಟು ದೊಡ್ಡ ಗಂಟು ಹೊತ್ತು, ಎಲ್ಲಿಗೂ ಹೋಗಲಿಕ್ಕಿಲ್ಲ ಎಂದರೆ ಅದು ಕೇಳಿಸುವುದೇ ಬೇರೆ ಥರ. ಆತ ಬಾಡಿಗೆ ಬೇಡ, ಹತ್ತಿ, ಮನೆಗೆ ಬಿಡುತ್ತೇನೆ, ಕೋಪ ಎಲ್ಲರ ಮನೆಯಲ್ಲೂ ಇರುತ್ತದೆ ಎಂದೆಲ್ಲ ಉರ್ದುವಿನಲ್ಲಿ ಮೆಲ್ಲಗೆ ಹೇಳಿದ. ನಾನು ನಕ್ಕು ಮುಂದೆ ಹೋದೆ. ಅವನು ಸ್ವಲ್ಪ ದೂರದವರೆಗೆ ನನ್ನ ನಡಿಗೆಯ ವೇಗದಲ್ಲೇ ಟ್ಯಾಕ್ಸಿ ಓಡಿಸುತ್ತ ಬಂದ.

ಮಧ್ಯಾಹ್ನವಾಯಿತು. ಬಾಗಿಲು ಮುಚ್ಚಿದ ಒಂದು ಹಳೆಯ ಮನೆಯ ಮೆಟ್ಟಿಲ ಮೇಲೆ ಕೂತು, ಈ ಸಲ ಮನೆಯಲ್ಲಿ ಯಾರೂ ಇಲ್ಲವೆಂದು ಕಿಟಕಿಯಲ್ಲಿ ಇಣುಕಿ ನೋಡಿ, ಚಪಾತಿ ಬಿಚ್ಚಿದೆ. ಉಪ್ಪಿನಕಾಯಿ ಖಾರವಾಗಿತ್ತು. ಕಣ್ಣಲ್ಲಿ ನೀರು ಬಂತು. ಬೈರಾಸು ತೆಗೆದು ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ, "ವಸಂತಿ? ಎಂತ ಮಾರಾಯ್ತಿ ಇಲ್ಲಿ?" ಎಂಬ ದನಿ ಕೇಳಿತು.

ಫ್ಲೇವಿಯಾ ಬಾಯಿ. ಬಂಟ್ವಾಳದವರು, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು, ಮುಹರ್ರಕ್ಕಿನಲ್ಲೇ ವಾಸ. ಕೈಯಲ್ಲಿ ಮೀನಿನ ಚೀಲವಿತ್ತು. ನನ್ನ ಬ್ಯಾಗು ನೋಡಿದರು, ಬೈರಾಸು ನೋಡಿದರು, ಕೆಂಪಾದ ಕಣ್ಣು ನೋಡಿದರು.

"ಎಂತ ಇಲ್ಲ ಬಾಯಿ. ಸುಮ್ಮನೆ ಒಬ್ಳೇ ಬಂದೆ."

"ಸುಧಾಕರಣ್ಣನಿಗೆ ಗೊತ್ತುಂಟಾ?"

"ಇಲ್ಲ."

"ಎಷ್ಟು ದಿನದಿಂದ ಮಾತಿಲ್ಲ?"

ಮಾತಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಯಿತೆಂದು ನಾನು ಬೆರಗಾಗಿ, "ಸ್ವಲ್ಪ ದಿನ ಆಯ್ತು, ಆದ್ರೆ ಅದಕ್ಕೂ ಇದಕ್ಕೂ..." ಎಂದು ತೊದಲಿದೆ. ಒಂದೊಂದು ನಿಜ ಹೇಳಿದಂತೆಯೂ ನಾನು ಒಂದೊಂದು ಅಡಿ ಕೆಳಗೆ ಹೂತುಹೋಗುತ್ತಿದ್ದೆ. ಲಿಸ್ಬನ್ನಿನ ಕಥೆ ಹೇಳಲು ಹೊರಟೆ. ಆ ಮೆಟ್ಟಿಲ ಮೇಲೆ, ಉಪ್ಪಿನಕಾಯಿಯ ಬಾಯಿಯಲ್ಲಿ, ಅದು ಹಸಿ ಸುಳ್ಳಿನಂತೆ ನನಗೇ ಕೇಳಿಸಿತು.

ಫ್ಲೇವಿಯಾ ಬಾಯಿ ಮೀನಿನ ಚೀಲ ಕೆಳಗಿಟ್ಟು ನನ್ನ ಪಕ್ಕ ಕೂತರು. ನನ್ನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದರು. ಬುದ್ಧಿ ಹೇಳುತ್ತಾರೆಂದುಕೊಂಡೆ. ಹೇಳಲಿಲ್ಲ. "ನನಗೂ ಎಷ್ಟೋ ಸಲ ಹೀಗೆ ಬ್ಯಾಗು ಹಾಕ್ಕೊಂಡು ಹೊರಡ್ಬೇಕು ಅಂತ ಆಗ್ತದೆ ವಸಂತಿ" ಎಂದರು. "ಯಾರ ಮೇಲೂ ಕೋಪ ಅಲ್ಲ. ಡ್ಯೂಟಿ ಮುಗಿಸಿ ಬಂದ್ರೆ ಮನೆಯಲ್ಲಿ ಮತ್ತೊಂದು ಡ್ಯೂಟಿ. ಒಂದು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಎಲ್ಲಿಗೆ ಹೋಗುದು ಅಂತ ಗೊತ್ತಾಗ್ಲಿಲ್ಲ. ಬಾಳೆಹಣ್ಣು ತಕ್ಕೊಂಡು ವಾಪಸ್ ಬಂದೆ." ನಾನು ಅರ್ಧ ಚಪಾತಿ ಕೊಟ್ಟೆ, ಅವರು ತಿಂದರು. ಅವರ ಕಣ್ಣಲ್ಲೂ ನೀರು ಬಂತು. ಅದು ಉಪ್ಪಿನಕಾಯಿಯದೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಡ್ಯೂಟಿಗೆ ಹೊತ್ತಾಯಿತೆಂದು ಎದ್ದವರು, "ನಾನು ಯಾರಿಗೂ ಹೇಳುದಿಲ್ಲ" ಎಂದು ನನ್ನ ಭುಜ ತಟ್ಟಿ ಹೋದರು.

ಅವರು ಹೇಳಿದ್ದು ಒಬ್ಬರಿಗೇ, ಅದೂ ನನ್ನ ಒಳ್ಳೆಯದಕ್ಕೆ. ಆ ಒಬ್ಬರು ಯಶೋದಕ್ಕ. ಅವರ ಗಂಡನಿಗೆ ಸಲ್ಮಾಬಾದಿನಲ್ಲಿ ಗ್ಯಾರೇಜು; ಅವರಿಗೆ ನಮ್ಮ ಊರಿನವರ ಸುಖದುಃಖವೆಲ್ಲ ಸ್ವಂತದ್ದು. ಯಶೋದಕ್ಕನಿಗೆ ಒಂದು ವಿಷಯ ತಿಳಿದರೆ ದ್ವೀಪಕ್ಕೇ ತಿಳಿದಂತೆ. ಪುಣ್ಯಕ್ಕೆ ದ್ವೀಪ ಸಣ್ಣದು. ನಾನು ಮತ್ತೆರಡು ಓಣಿ ಸುತ್ತಿ, ಸಮಯ ನೋಡಲೆಂದು ಫೋನು ತೆಗೆದರೆ ಪರದೆಯ ತುಂಬ ಮಿಸ್ ಕಾಲ್‌ಗಳು. ನೋಡುತ್ತಿದ್ದಂತೆಯೇ ಯಶೋದಕ್ಕನದು ಮತ್ತೆ ಬಂತು.

"ವಸಂತಿ, ನೀನು ಎಂತದೂ ಹೇಳ್ಬೇಡ. ನಾನು ಕೇಳುದೂ ಇಲ್ಲ. ನಮ್ಮ ಹಿಂದಿನ ರೂಮು ಖಾಲಿ ಉಂಟು, ಬೆಡ್‌ಶೀಟ್ ಹಾಕಿದ್ದೇನೆ. ಬಾ."

"ಯಶೋದಕ್ಕ, ನಾನು ತಿರುಗ್ಲಿಕ್ಕೆ ಬಂದದ್ದು. ಲಿಸ್ಬನ್..."

"ಅಷ್ಟು ದೂರ ಎಲ್ಲ ಹೋಗ್ಬೇಡ ಮಗಾ" ಎಂದರು ಯಶೋದಕ್ಕ, ಅಳುವ ದನಿಯಲ್ಲಿ.

ಆ ಕರೆ ಇಡುವಷ್ಟರಲ್ಲಿ ಇವರದ್ದು ಬಂತು. ಏದುಸಿರು. "ಎಲ್ಲಿದ್ದಿ? ಅಲ್ಲೇ ಇರು. ಎಲ್ಲಿಗೂ ಹೋಗ್ಬೇಡ" ಎಂದಷ್ಟೇ ಹೇಳಿದರು. ಎದುರಿಗಿದ್ದ ಹಲ್ವದ ಅಂಗಡಿಯ ಗುರುತು ಹೇಳಿ, ಅಲ್ಲೇ ಬೆಂಚಿನ ಮೇಲೆ ಕೂತೆ.

ಬಂದರು. ಕಾರ್ಖಾನೆಯ ನೀಲಿ ಬಟ್ಟೆಯಲ್ಲೇ, ಕಬ್ಬಿಣದ ಮೂತಿಯ ಬೂಟಿನಲ್ಲೇ, ತಲೆಯ ಮೇಲೆ ಹೆಲ್ಮೆಟ್ಟಿನ ಗೆರೆ ಕೂಡ ಮಾಸಿರಲಿಲ್ಲ. ಓಣಿಯ ಆ ತುದಿಯಿಂದ ನನ್ನನ್ನು ಕಂಡವರು ಓಡಿ ಬರಲು ನೋಡಿದರು, ಆಗಲಿಲ್ಲ, ಕುಂಟಿದರು. ನಾನು ಅದನ್ನು ಬೂಟಿನ ತೂಕವೆಂದುಕೊಂಡೆ. ಬೆಂಚಿನಲ್ಲಿ ನನ್ನ ಪಕ್ಕ ಕೂತು ಉಸಿರು ಸುಧಾರಿಸಿಕೊಂಡು, ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

"ಉಪ್ಪಿಟ್ಟಿನ ವಿಷಯ ಆದ್ರೆ ತಪ್ಪು ನನ್ನದೇ. ನೀನು ಕಟ್ಟಿ ಕೊಡುದನ್ನು ನಾನು ಪ್ಲಾಂಟಿನ ನೇಪಾಳದವನಿಗೆ ಕೊಡುದು. ಅವನಿಗೆ ಇಷ್ಟ."

ನಾನು ಅವರನ್ನೇ ನೋಡಿದೆ. ಒಪ್ಪಿಕೊಂಡದ್ದು ಸಾಲದೆಂದು ನೋಡುತ್ತಿದ್ದೇನೆಂದು ತಿಳಿದರು.

"ದೀಪಾವಳಿಗೆ ಕೊಟ್ಟ ಸೀರೆ ಯಶೋದಕ್ಕ ಆರಿಸಿದ್ದು. ನನ್ನದೇ ಆಯ್ಕೆ ಅಂತ ನಿನ್ನತ್ರ ಸುಳ್ಳು ಹೇಳಿದ್ದು. ಮತ್ತೆ... ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನೀನು ಹಾಡುವಾಗ ನಾನು ಒಳಗೆ ಇರ್ಲಿಲ್ಲ. ಪಾರ್ಕಿಂಗಿನಲ್ಲಿದ್ದೆ. ಚಂದ ಆಗಿತ್ತು ಅಂದದ್ದು ಅಂದಾಜಿನಲ್ಲಿ."

ಇವು ಯಾವುವೂ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟಾಗ ನನಗೆ ಗಂಡನನ್ನು ಬಿಡಲು ಕಾರಣವೊಂದೂ ಇರಲಿಲ್ಲ. ಈಗ ಕೈತುಂಬ ಸಿಕ್ಕಿದವು. ಆದರೆ ಅವರು ನನ್ನ ಬ್ಯಾಗಿನ ಪಟ್ಟಿ ಹಿಡಿದವರು ಬಿಟ್ಟಿರಲಿಲ್ಲ. ತಮಾಷೆ ಮಾಡುವ ಮನಸ್ಸಾಗಲಿಲ್ಲ. "ನಾನು ಎಲ್ಲಿಗೂ ಬಿಟ್ಟು ಹೋಗ್ಲಿಲ್ಲ. ಊರು ನೋಡ್ಲಿಕ್ಕೆ ಬಂದದ್ದು. ಲಿಸ್ಬನ್ನಿಗೆ ರಜೆ ಸಿಗಲಿಲ್ಲ ಅಂದ್ರಲ್ಲ, ಅದಕ್ಕೆ" ಎಂದೆ.

ಅವರು ಬಗ್ಗಿ ಬೂಟಿನ ಲೇಸು ಸಡಿಲಿಸಿದರು. "ರಜೆ ಸಿಕ್ಕಿತ್ತು" ಎಂದರು. "ಅದು ಗುಡ್ಡದ ಊರು ವಸಂತಿ. ನಿನ್ನ ವಿಡಿಯೋ ನಾನೂ ನೋಡಿದ್ದೇನೆ, ಎಲ್ಲ ಮೆಟ್ಟಿಲೇ. ನನ್ನ ಬಲಗಾಲಿನ ಮೊಣಗಂಟು ಬಗ್ಗುದಿಲ್ಲ. ಪ್ಲಾಂಟಿನಲ್ಲಿ ಏಣಿ ಹತ್ತುವಾಗ ಕೈಯಲ್ಲಿ ಎಳ್ಕೊಂಡು ಹತ್ತುದು. ನೀನು ಮುಂದೆ ಮುಂದೆ ಹೋಗ್ತಿ, ನಾನು ಒಂದೊಂದು ಮೆಟ್ಟಿಲಿಗೆ ಕೂತ್ಕೊಳ್ತೇನೆ. ಅಷ್ಟು ಆಸೆಯಲ್ಲಿ ಹೊರಟದ್ದು, ನನ್ನಿಂದ ಹಾಳಾಗ್ತದಲ್ಲ ಅಂತ..."

"ಡಾಕ್ಟರಿಗೆ ತೋರಿಸ್ಲಿಲ್ವಾ?"

"ತೋರಿಸಿದ್ರೆ ಏಣಿ ಹತ್ತುವ ಕೆಲಸಕ್ಕೆ ಆಗುದಿಲ್ಲ ಅಂತ ಬರೆದ್ರೆ? ಮತ್ತೆ ನನಗೆ ಇಲ್ಲಿ ಎಂತ ಕೆಲಸ? ವೀಸಾ ಎಲ್ಲಿ?"

ಹಲ್ಲುನೋವಿನವರು ಬಾಗಿಲು ದಾಟಿ ಬರುವಾಗಲೇ ಯಾವ ಕಡೆಯ ಹಲ್ಲೆಂದು ಹೇಳಬಲ್ಲವಳು ನಾನು. ಒಂದೇ ಮನೆಯಲ್ಲಿದ್ದೂ, ಇವರು ಮೆಟ್ಟಿಲಿಗೆ ಹೆದರಿ ಲಿಫ್ಟಿಗೆ ಕಾಯುತ್ತಿದ್ದುದನ್ನು ಸೋಮಾರಿತನವೆಂದು ತಮಾಷೆ ಮಾಡಿಕೊಂಡಿದ್ದೆ. ಹಲ್ವದ ಅಂಗಡಿಯವನು ಏನನ್ನಿಸಿತೋ, ಎರಡು ಲೋಟ ಕರಕ್ ಚಾ ತಂದು ನಮ್ಮ ನಡುವೆ ಇಟ್ಟು ಹೋದ. ಹಾಲು, ಏಲಕ್ಕಿ, ಸಕ್ಕರೆ ಎಲ್ಲ ಒಂದು ಕೈ ಮುಂದಾದ ಚಾ. ಕುಡಿಯುವಾಗ ನಾಳೆಯೇ ಡಾಕ್ಟರು, ಫ್ಲೇವಿಯಾ ಬಾಯಿಯ ಆಸ್ಪತ್ರೆ, ಎರಡನೇ ಮಾತಿಲ್ಲ ಎಂದೆ. ಇವರು ತಲೆಯಾಡಿಸಿದರು.

"ಸರಿ, ಮನೆಗೆ ಹೋಗುವ. ನಿನ್ನ ಕಾರೆಲ್ಲಿ?"

ಆಗ ಹೊಳೆಯಿತು. ಹಿಂದೆ ತಿರುಗಿಯೂ ನೋಡದೆ ಹೊರಟಿದ್ದೆನಲ್ಲ! ದಾರಿ ತಪ್ಪಬೇಕೆಂದು ಹೊರಟವಳು ಬಹಳ ಚೆನ್ನಾಗಿ ತಪ್ಪಿದ್ದೆ. ಒಂದು ಮಸೀದಿ ಇತ್ತು ಎಂದೆ. ಇಲ್ಲಿ ಮಸೀದಿ ಇಲ್ಲದ ಬೀದಿ ಯಾವುದು ಎಂದರು. ನೀವು ಕೂತಿರಿ, ಹುಡುಕಿ ಬರುತ್ತೇನೆಂದರೆ ಕೇಳಲಿಲ್ಲ. ನೀನು ಒಬ್ಬಳೇ ಹೋದದ್ದು ಇವತ್ತಿಗೆ ಸಾಕು ಎಂದು ನನ್ನ ಬ್ಯಾಗನ್ನು ತಾವೇ ಹಾಕಿಕೊಂಡರು. ನೀಲಿ ಯೂನಿಫಾರ್ಮಿನ ಬೆನ್ನ ಮೇಲೆ ಕಾರ್ಟೂನು ಬೆಕ್ಕಿನ ಚಿತ್ರವಿರುವ ಬ್ಯಾಗು.

ಮೆಲ್ಲಗೆ ನಡೆದೆವು. ಅವರ ಕಾಲಿಗೆ ತಕ್ಕಂತೆ, ನಾಲ್ಕು ಹೆಜ್ಜೆಗೊಮ್ಮೆ ಏನೋ ನೋಡುವ ನೆಪದಲ್ಲಿ ನಾನು ನಿಲ್ಲುತ್ತಿದ್ದೆ. ನೆಪಕ್ಕೆಂದು ನಿಂತಾಗ ನಿಜವಾಗಿಯೂ ಏನೋ ಕಾಣುತ್ತಿತ್ತು. ಬೆಳಿಗ್ಗೆ ಇದೇ ಓಣಿಗಳಲ್ಲಿ ಲಿಸ್ಬನ್ ಹುಡುಕುತ್ತ ದಡದಡನೆ ಹೋಗಿದ್ದೆ. ಗೋಡೆಯ ಗಾರೆಯಲ್ಲಿ ಚಿಪ್ಪುಗಳು ಸಿಕ್ಕಿಕೊಂಡಿರುವುದು ಈಗ ಕಂಡಿತು. ಇವರು ಒಂದನ್ನು ಉಗುರಿನಿಂದ ಮುಟ್ಟಿ, "ಇದು ನಮ್ಮ ಮರುವಾಯಿ ಅಲ್ವಾ?" ಎಂದರು. ಚಿಕ್ಕಂದಿನಲ್ಲಿ ಹೊಳೆಯ ಕೆಸರಿನಲ್ಲಿ ಕಾಲಿಂದಲೇ ತಡಕಿ ಈ ಚಿಪ್ಪುಮೀನು ಹೆಕ್ಕುತ್ತಿದ್ದ ಕಥೆ ಹೇಳಿದರು. ನಮ್ಮ ಮದುವೆಯಾಗಿ ಇಷ್ಟು ಕಾಲವಾದರೂ ನನಗೆ ಈ ಕಥೆ ಹೊಸದು. ನಾನೂ ಬೆಳಗಿನ ಅಜ್ಜಿಯ, ಟ್ಯಾಕ್ಸಿಯವನ ಕಥೆ ಹೇಳಿದೆ. ಹೇಳುತ್ತ ಕೇಳುತ್ತ ಒಂದು ಮೂಲೆ ತಿರುಗಿದೆವು, ಇನ್ನೊಂದು ತಿರುಗಿದೆವು. ಕೊನೆಗೆ ಒಂದು ಖಾಲಿ ಜಾಗದಲ್ಲಿ, ಬೋನೆಟ್ಟಿನ ಮೇಲೆ ಬೆಕ್ಕೊಂದನ್ನು ಮಲಗಿಸಿಕೊಂಡು ನನ್ನ ಕಾರು ನಿಂತಿತ್ತು.

"ಅಬ್ಬ, ಸಿಕ್ಕಿತು!" ಎಂದೆ.

"ಆಗಲೇ ಸಿಕ್ಕಿತ್ತು" ಎಂದರು ಇವರು. "ಮೊದಲನೇ ಸುತ್ತಿನಲ್ಲೇ ಕಂಡಿತ್ತು ನನಗೆ."

"ಮತ್ತೆ ಹೇಳ್ಲಿಲ್ಲ ಯಾಕೆ? ಆ ಕಾಲು ಇಟ್ಕೊಂಡು!"

"ನೀನು ಮಾತಾಡ್ತಾ ಇದ್ದಿಯಲ್ಲ" ಎಂದರು.

ಡಾಕ್ಟರು ಆಮೇಲೆ ಹೇಳಿದ್ದು ನಾವು ಹೆದರಿದಷ್ಟಿರಲಿಲ್ಲ. ಗಂಟು ಸವೆದಿದೆ, ಹೊಟ್ಟೆ ಇಳಿಸಿ, ವ್ಯಾಯಾಮ ಮಾಡಿ, ಸಪಾಟು ನೆಲದಲ್ಲಿ ನಡೆಯಿರಿ ಎಂದರು. ಏಣಿ ಹತ್ತುವ ಪಾಳಿಯಿಂದ ಇವರನ್ನು ಸದ್ಯಕ್ಕೆ ಕಂಟ್ರೋಲ್ ರೂಮಿಗೆ ಹಾಕಿದ್ದಾರೆ, ಕೆಲಸ ಹೋಗಲಿಲ್ಲ. ಉಪ್ಪಿಟ್ಟು ನಿಲ್ಲಿಸಿದ್ದೇನೆ, ನೇಪಾಳದವನು ಒಮ್ಮೆ ಕೇಳಿದನಂತೆ. ಆದರೆ ಆ ದಿನದ್ದು ಹೇಳಿ ಮುಗಿಸಬೇಕು.

ಇಬ್ಬರಿಗೂ ಒಂದೊಂದು ಕಾರು ಇತ್ತಲ್ಲ. ಇವರು ತಮ್ಮದರಲ್ಲಿ ಮುಂದೆ, ನಾನು ನನ್ನದರಲ್ಲಿ ಹಿಂದೆ, ಸೇತುವೆ ದಾಟಿ ಮನೆಗೆ ಹೊರಟೆವು. ಸಂಜೆಯ ಟ್ರಾಫಿಕ್ಕಿನಲ್ಲಿ ಯಾರು ಕಂಡರೋ ಗೊತ್ತಿಲ್ಲ. ಸನದಿನ ತಿರುವಿಗೆ ಬರುವಷ್ಟರಲ್ಲಿ ಯಶೋದಕ್ಕನ ಫೋನು.

"ಮಗಾ, ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಹೋಗ್ತಾ ಇದ್ದೀರಂತೆ. ಇನ್ನೂ ಸರಿ ಆಗ್ಲಿಲ್ವಾ? ನೀನು ಈ ಮನಸ್ಸಿನಲ್ಲಿ ಅಡಿಗೆಗೆ ಎಲ್ಲ ನಿಲ್ಬೇಡ. ಕೋರಿ ರೊಟ್ಟಿ ಮಾಡಿದ್ದೇನೆ, ತಂದು ಕೊಡ್ತೇನೆ."

ಎಲ್ಲ ಸರಿಯಾಗಿದೆ ಯಶೋದಕ್ಕ, ಸರಿಯಿಲ್ಲದ್ದೇ ಏನೂ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ನಡೆದು ನಡೆದು ಕಾಲುಗಳು ಸೋತಿದ್ದವು. ಮನೆಯಲ್ಲಿ ಒಲೆಯ ಮೇಲೆ ಬೆಳಗಿನ ಪಾತ್ರೆ ಹಾಗೇ ಇತ್ತು. ಯಶೋದಕ್ಕ ಕೋರಿ ರೊಟ್ಟಿಯ ಕೋಳಿಸಾರಿಗೆ ಮಸಾಲೆಯನ್ನು ಈಗಲೂ ಕೈಯಲ್ಲೇ ಹುರಿದು ಅರೆಯುತ್ತಾರೆ.

"ಇನ್ನೂ ಸ್ವಲ್ಪ ಕೋಪ ಉಂಟು ಅಕ್ಕ" ಎಂದೆ, ದನಿಯನ್ನು ಆದಷ್ಟು ಸಣ್ಣ ಮಾಡಿಕೊಂಡು. "ಇಬ್ಬರಿಗೆ ಆಗುವಷ್ಟು ತನ್ನಿ."